ಬರ್ಲಿನ್ನಿನ ವಿದ್ಯಾಭ್ಯಾಸವೂ ಸುಖಠಣಕರರ ಭಾರತಪರಿಷ್ಕರಣವೂ

ಭರತಖಂಡದಲ್ಲಿ ಹುಟ್ಟಿದವನು ಸಂಸ್ಕೃತಾಭ್ಯಾಸಕ್ಕಾಗಿ ಜರ್ಮನಿಗೆ ಹೋಗುವುದೆಂದರೆ ಗಂಗಾತೀರದಲ್ಲಿ ಬಾವಿಯನ್ನು ತೋಡಿದಂತೆ ಎಂದು ಪಾಠಶಾಲೆಗಳ ಪಂಡಿತರಲ್ಲಿ ಹಲವರಿಗೆ ತೋರುವುದು ಸಹಜವೇ. ವಿಷ್ಣು ಸೀತಾರಾಮ ಸುಖಠಣಕರರ (1887–1943) ವಿದ್ವಜ್ಜೀವನವನ್ನು ಪರಿಶೀಲಿಸಿದರೆ, ಆ ಪ್ರಯಾಣದಿಂದ ದೊರೆತದ್ದೇನು, ದೊರೆಯದೆ ಉಳಿದದ್ದೇನು ಎಂಬುದು ವಿಶದವಾಗುತ್ತದೆ.

ಕೇಂಬ್ರಿಜಿನಲ್ಲಿ ಗಣಿತವನ್ನು ಓದಿದ ಇವರು ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಬರ್ಲಿನ್ನಿಗೆ ಹೋಗಿ ಹೈನ್ರಿಖ್ ಲ್ಯೂಡರ್ಸ್ ಎಂಬ ಆಚಾರ್ಯರ ಶಿಷ್ಯರಾದರು. ಶಾಕಟಾಯನವ್ಯಾಕರಣದ ಪ್ರಥಮಾಧ್ಯಾಯದ ಪ್ರಥಮಪಾದವನ್ನು ಯಕ್ಷವರ್ಮನ ಚಿಂತಾಮಣಿ ಟೀಕೆಯೊಡನೆ ಶೋಧಿಸಿದ್ದೇ ಅಲ್ಲಿ ಅವರ ಪ್ರಬಂಧ. ಈ ಶಾಕಟಾಯನನು ಪಾಣಿನಿಯು ಹೆಸರಿಸಿದ ಪ್ರಾಚೀನನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನಯತಿ, ತನ್ನ ಸೂತ್ರಗಳಿಗೆ ತಾನೇ ಬರೆದ ವೃತ್ತಿಗೆ ಅಮೋಘವೃತ್ತಿಯೆಂದು ಹೆಸರಿಟ್ಟವನು. ನೃಪತುಂಗನ ಕಾಲದ ಗ್ರಂಥವೊಂದು ಅಷ್ಟು ದೂರದಲ್ಲಿ ಜರ್ಮನ್ ಭಾಷೆಯ ಪ್ರಬಂಧಕ್ಕೆ ವಿಷಯವಾದದ್ದು ಕನ್ನಡಿಗರು ಗಮನಿಸತಕ್ಕ ಸಂಗತಿ.

ಆದರೆ ಪ್ರಬಂಧಕ್ಕಿಂತಲೂ ಗುರುವಿನ ಸಾನ್ನಿಧ್ಯವೇ ಮುಂದೆ ಹೆಚ್ಚು ಫಲಿಸಿತು. ಮಹಾಭಾರತವನ್ನು ಹಸ್ತಪ್ರತಿಗಳಿಂದ ಪರಿಷ್ಕರಿಸಬೇಕೆಂದು ಆಸ್ಟ್ರಿಯಾದ ವಿಂಟರ್ನಿಟ್ಸ್ ಪಂಡಿತರು 1897ರಲ್ಲಿ ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಸೂಚಿಸಿದ್ದರು. ಲ್ಯೂಡರ್ಸರು 1908ರಲ್ಲಿ ಆದಿಪರ್ವದ ಒಂದು ಮಾದರಿಯನ್ನು ಅಚ್ಚುಹಾಕಿಸಿದ್ದರು. ಯುದ್ಧದಿಂದ ಯೂರೋಪಿನ ಆ ಪ್ರಯತ್ನ ನಿಂತುಹೋಯಿತು. ಪುಣೆಯ ಭಾಂಡಾರಕರ ಸಂಶೋಧನಮಂದಿರವು 1919ರಲ್ಲಿ ಅದೇ ಕಾರ್ಯವನ್ನು ತಾನಾಗಿ ಆರಂಭಿಸಿತು. 1925ರಲ್ಲಿ ಅದರ ಭಾರವನ್ನು ಹೊತ್ತವರು ಆ ಲ್ಯೂಡರ್ಸರ ಶಿಷ್ಯರೇ.

ಪ್ರತಿಗಳನ್ನು ಹೋಲಿಸುವುದು ಈ ದೇಶಕ್ಕೆ ಹೊಸದೇನೂ ಅಲ್ಲ. ಹದಿನೇಳನೆಯ ಶತಮಾನದ ನೀಲಕಂಠನು ನಾನಾ ದೇಶಗಳ ಪ್ರತಿಗಳನ್ನು ಕೂಡಿಸಿ ನೋಡಿದವನೇ. ಆದರೆ ಅವನಿಗೆ ಬೇಕಾದದ್ದು ಒಳ್ಳೆಯ ಪಾಠ. ಬರ್ಲಿನ್ನಿನಲ್ಲಿ ಕಲಿತವರಿಗೆ ಬೇಕಾದದ್ದು ದೊರೆಯಬಹುದಾದ ಹಳೆಯ ಪಾಠ. ಈ ಭೇದವು ಸಣ್ಣದಲ್ಲ. ವ್ಯಾಸರು ಹೇಳಿದ್ದನ್ನು ಗಣೇಶನು ಬರೆದನೆಂಬ ಪ್ರಸಿದ್ಧಕಥೆಯೇ 1933ರ ಆದಿಪರ್ವದಲ್ಲಿ ಮೂಲದಿಂದ ಅನುಬಂಧಕ್ಕೆ ಇಳಿಯಿತು! ಆಸ್ತಿಕರ ಮನಸ್ಸು ನೊಂದಿದ್ದರೆ ಆಶ್ಚರ್ಯವಿಲ್ಲ. ಆದರೆ ತೆಗೆದದ್ದನ್ನು ಅವರು ಬಿಸುಡಲಿಲ್ಲ. ಪಾಠಾಂತರಗಳೂ ಅಧಿಕಶ್ಲೋಕಗಳೂ ಓದುಗನ ಕಣ್ಣೆದುರಿಗೇ ಇವೆ, ಒಪ್ಪದವನು ವಾದಿಸಬಹುದು. ಪಂಡಿತಪರಂಪರೆಯು ಇವರಿಂದ ಕಲಿಯಬೇಕಾದದ್ದು ಈ ಪ್ರಾಮಾಣಿಕತೆಯನ್ನೇ.

ಗುರುಗಳ ದೇಶದಿಂದ ಬಂದದ್ದನ್ನೆಲ್ಲ ಅವರು ತಲೆಯ ಮೇಲೆ ಹೊತ್ತವರೂ ಅಲ್ಲ. ಗ್ರೀಕ್ ಲ್ಯಾಟಿನ್ ಗ್ರಂಥಗಳಿಗೆ ಅಲ್ಲಿ ಹಾಕಿಕೊಂಡಿದ್ದ ಕ್ರಮವು ಬಾಯಿಂದ ಬಾಯಿಗೆ ಬೆಳೆದ ಭಾರತಕ್ಕೆ ಹಾಗೆಯೇ ಹೊಂದದೆಂದು ಆದಿಪರ್ವದ ಪೀಠಿಕೆಯಲ್ಲಿಯೇ ತೋರಿಸಿದರು. ಕೌರವರೇ ಮೊದಲು ನಾಯಕರಾಗಿದ್ದರು, ಕಥೆಯನ್ನು ಆಮೇಲೆ ತಿರುಗಿಸಲಾಯಿತು ಎಂಬ ಹೋಲ್ಟ್ಸ್‌ಮನ್ನನ ವಾದವನ್ನು ಮುಂಬಯಿಯ ಉಪನ್ಯಾಸಗಳಲ್ಲಿ ಖಂಡಿಸಿ, ಇದ್ದ ಗ್ರಂಥವನ್ನು ಇದ್ದಂತೆಯೇ ಅರ್ಥಮಾಡಿಕೊಳ್ಳಬೇಕೆಂದರು. ಅವುಗಳಲ್ಲಿ ನಾಲ್ಕನೆಯದನ್ನು ಓದುವ ಮೊದಲೇ, 1943ರ ಜನವರಿಯಲ್ಲಿ, ಅವರು ತೀರಿಕೊಂಡರು. ಉಪನ್ಯಾಸಗಳು ಪುಸ್ತಕವಾದದ್ದು 1957ರಲ್ಲಿ. ಭಾರತಪರಿಷ್ಕರಣವು ಮುಗಿದದ್ದು 1966ರಲ್ಲಿ.