ಸೈನಿಕನ ಆಣೆ ಮತ್ತು ಕ್ರೈಸ್ತ ನಂಬುಗೆ

ಕ್ರೈಸ್ತ ಧರ್ಮದ ಆದಿಕಾಲದ ಬರಹಗಳಲ್ಲಿ ದಂಡಿನ ಪರಿಭಾಷೆ ಹೇರಳವಾಗಿ ದೊರೆಯುತ್ತದೆ. ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತೋರಬೇಕೆಂದು ಬೋಧಿಸಿದ ಗುರುವಿನ ಅನುಯಾಯಿಗಳು ತಮ್ಮ ಬಾಳನ್ನು ಸೈನಿಕನ ಬಾಳಿಗೆ ಹೋಲಿಸಿಕೊಂಡದ್ದು ಮೇಲ್ನೋಟಕ್ಕೆ ವಿಪರ್ಯಾಸವೆನಿಸುತ್ತದೆ. ಈ ಹೋಲಿಕೆಯನ್ನು ಬರಿಯ ಕಾವ್ಯಾಲಂಕಾರವೆಂದು ತಳ್ಳಿಹಾಕಿದವರೂ ಉಂಟು, ಮುಂದಿನ ಧರ್ಮಯುದ್ಧಗಳಿಗೆ ಇದೇ ಬೀಜವೆಂದು ಆರೋಪಿಸಿದವರೂ ಉಂಟು. ಎರಡೂ ಅವಸರದ ತೀರ್ಮಾನಗಳೇ. ಮೊದಲ ಮೂರು ಶತಮಾನಗಳ ಕ್ರೈಸ್ತರು ರೋಮನ್ ದಂಡಿನಿಂದ ಕಲಿತದ್ದು ಕೊಲ್ಲುವ ವಿದ್ಯೆಯನ್ನಲ್ಲ. ಸೈನಿಕನು ತನ್ನ ಒಡೆಯನಿಗೆ ಕಟ್ಟುಬಿದ್ದಿರುವ ಬಗೆಯನ್ನು. ಆ ಕಟ್ಟುಪಾಡಿನ ತಿರುಳು ಆಣೆಯಲ್ಲಿತ್ತು.

ಸುವಾರ್ತೆಗಳಲ್ಲಿಯೇ ಇದರ ಮೊದಲ ಸುಳಿವು ಕಾಣುತ್ತದೆ. ಮತ್ತಾಯನ ಎಂಟನೆಯ ಹಾಗೂ ಲೂಕನ ಏಳನೆಯ ಅಧ್ಯಾಯಗಳಲ್ಲಿ ಬರುವ ಕಪೆರ್ನೌಮಿನ ಶತಾಧಿಪತಿ ತನ್ನ ಆಳಿನ ರೋಗವನ್ನು ಗುಣಪಡಿಸಬೇಕೆಂದು ಬೇಡುತ್ತಾನೆ; ಆದರೆ ಯೇಸು ತನ್ನ ಮನೆಯವರೆಗೆ ಬರುವುದು ಬೇಡ, ಒಂದು ಮಾತು ಸಾಕು ಎನ್ನುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ದೇವತಾಶಾಸ್ತ್ರದ್ದಲ್ಲ, ಪಾಳೆಯದ್ದು. ತಾನೂ ಮೇಲಿನವರ ಅಧಿಕಾರಕ್ಕೆ ಒಳಪಟ್ಟವನು, ತನ್ನ ಕೈಕೆಳಗೂ ಸಿಪಾಯಿಗಳಿದ್ದಾರೆ. ಅಪ್ಪಣೆ ಹೊರಟರೆ ಕೆಲಸವಾಗುತ್ತದೆ, ಅಪ್ಪಣೆ ಕೊಟ್ಟವನು ಎದುರಿಗಿರಬೇಕಾಗಿಲ್ಲ ಎಂಬುದು ಅವನ ತರ್ಕ. ಇಂತಹ ನಂಬುಗೆಯನ್ನು ಇಸ್ರಾಯೇಲಿನಲ್ಲಿಯೂ ಕಾಣಲಿಲ್ಲವೆಂದು ಯೇಸು ಬೆರಗಾದನೆಂದು ಸುವಾರ್ತೆ ಹೇಳುತ್ತದೆ. ವೃತ್ತಿಯನ್ನು ಬಿಡೆಂದು ಅವನಿಗೆ ಹೇಳಿದ ಉಲ್ಲೇಖವಿಲ್ಲ. ಸ್ನಾನಿಕನಾದ ಯೋಹಾನನೂ ತನ್ನ ಬಳಿ ಬಂದ ಸಿಪಾಯಿಗಳಿಗೆ ಸುಲಿಗೆ ಮಾಡಬೇಡಿರಿ, ಸಂಬಳದಲ್ಲಿ ತೃಪ್ತರಾಗಿರಿ ಎಂದಷ್ಟೇ ಹೇಳಿ ಕಳುಹಿಸುತ್ತಾನೆ. ಈ ಮೌನವು ಮುಂದಿನ ಪೀಳಿಗೆಗಳಿಗೆ ದೊಡ್ಡ ಇಕ್ಕಟ್ಟನ್ನು ಉಳಿಸಿತು.

ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿರುವ ಆಯುಧವರ್ಣನೆ ಹೆಚ್ಚು ಪ್ರಸಿದ್ಧವಾದುದು. ಪತ್ರಿಕೆಯು ಪೌಲನದೇ ಅಥವಾ ಅವನ ಶಿಷ್ಯವರ್ಗದ್ದೇ ಎಂಬ ಚರ್ಚೆ ಇಲ್ಲಿ ಮುಖ್ಯವಲ್ಲ. ಸತ್ಯದ ನಡುಕಟ್ಟು, ನೀತಿಯ ವಜ್ರಕವಚ, ಶಾಂತಿಯ ಸುವಾರ್ತೆಯ ಸಿದ್ಧತೆಯೆಂಬ ಕೆರ, ನಂಬುಗೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ದೇವರ ವಾಕ್ಯವೆಂಬ ಕತ್ತಿ ಇವು ಅಲ್ಲಿನ ಸಲಕರಣೆಗಳು. ಇವುಗಳಲ್ಲಿ ಮೇಲೆ ಬಿದ್ದು ಹೊಡೆಯಲು ಬರುವುದು ಕತ್ತಿಯೊಂದೇ. ರೋಮನ್ ಕಾಲಾಳಿನ ಗುರುತೇ ಆಗಿದ್ದ ಎಸೆಯುವ ಭರ್ಜಿ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಗುರಾಣಿಗೆ ಬಳಸಿರುವ ಗ್ರೀಕ್ ಪದವು ಬಾಗಿಲು ಎಂಬ ಅರ್ಥದ ಪದದಿಂದ ಹುಟ್ಟಿದ್ದು. ಮೈಯ ಬಹುಭಾಗವನ್ನು ಮರೆಮಾಡುವ ದೊಡ್ಡ ಗುರಾಣಿಯನ್ನು ಅದು ಸೂಚಿಸುತ್ತದೆ. ಇಡೀ ಭಾಗದಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದ ಮುನ್ನುಗ್ಗು ಎಂಬುದಲ್ಲ, ನಿಲ್ಲು ಎಂಬುದು. ಇದು ಗಡಿ ಹಿಗ್ಗಿಸುವ ದಂಡಯಾತ್ರೆಯ ಚಿತ್ರವಲ್ಲ. ತನಗೊಪ್ಪಿಸಿದ ಠಾಣ್ಯವನ್ನು ಬಿಡದ ಕಾವಲುಗಾರನ ಚಿತ್ರ. ಹೋರಾಟವು ರಕ್ತಮಾಂಸದವರೊಡನೆ ಅಲ್ಲವೆಂದು ಪತ್ರಿಕೆಯೇ ಸ್ಪಷ್ಟಪಡಿಸುತ್ತದೆ. ಯೆಶಾಯನ ಗ್ರಂಥದಲ್ಲಿ ದೇವರು ತಾನೇ ತೊಡುವ ಕವಚ ಶಿರಸ್ತ್ರಾಣಗಳೇ ಇಲ್ಲಿ ಭಕ್ತನ ಮೈಗೇರಿರುವುದನ್ನೂ ಗಮನಿಸಬೇಕು.

ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ ಇನ್ನೊಂದು ಪಾಠವನ್ನು ಎತ್ತಿಕೊಳ್ಳುತ್ತದೆ. ದಂಡಿನಲ್ಲಿರುವವನು ತನ್ನನ್ನು ಸೇರಿಸಿಕೊಂಡವನ ಮೆಚ್ಚುಗೆಗಾಗಿ ಲೋಕವ್ಯವಹಾರಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲವೆಂದು ಅದು ಹೇಳುತ್ತದೆ. ಸೇವೆಯಲ್ಲಿರುವ ರೋಮನ್ ಸಿಪಾಯಿಗೆ ಶಾಸ್ತ್ರಬದ್ಧ ವಿವಾಹಕ್ಕೆ ಅವಕಾಶವಿರಲಿಲ್ಲ. ಈ ನಿರ್ಬಂಧವನ್ನು ಸಡಿಲಿಸಿದವನು ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್, ಸುಮಾರು ಕ್ರಿ.ಶ. 197ರಲ್ಲಿ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಕಾಲ ಹೀಗೆ ಬಾಳುವವರನ್ನು ಕಣ್ಣಾರೆ ಕಂಡ ಓದುಗರಿಗೆ ಆ ಮಾತಿನ ತೂಕ ತಿಳಿದಿರಲೇಬೇಕು. ಅದೇ ಪತ್ರಿಕೆಯು ಸೈನಿಕನ ಬೆನ್ನಿಗೇ ಮಲ್ಲನನ್ನೂ ಬೇಸಾಯಗಾರನನ್ನೂ ನಿಲ್ಲಿಸುತ್ತದೆ ಎಂಬುದನ್ನು ಉತ್ಸಾಹಿ ವ್ಯಾಖ್ಯಾನಕಾರರು ಮರೆಯುವುದುಂಟು.

ಲ್ಯಾಟಿನ್ ಭಾಷೆಗೆ ಬಂದಾಗ ಈ ಹೋಲಿಕೆಯು ರೂಪಕದ ಎಲ್ಲೆಯನ್ನು ದಾಟಿತು. ರೋಮನ್ ಸಿಪಾಯಿ ದಂಡಿಗೆ ಸೇರುವಾಗ ಮಾಡುತ್ತಿದ್ದ ಆಣೆಗೆ ಸಾಕ್ರಮೆಂಟುಮ್ ಎಂದು ಹೆಸರು. ಒಬ್ಬನು ಪೂರ್ಣ ಪಾಠವನ್ನು ಹೇಳಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ತಮಗೂ ಅದೇ ಎಂದು ನುಡಿಯುತ್ತಿದ್ದರು. ಸಾಮ್ರಾಜ್ಯದ ಕಾಲದಲ್ಲಿ ಹೊಸ ವರ್ಷದ ಆರಂಭದಲ್ಲಿ ಅದನ್ನು ನವೀಕರಿಸುತ್ತಿದ್ದರು. ಬಿಥಿನಿಯಾದ ಅಧಿಪತಿ ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ ಇದೇ ಪದ ಬರುತ್ತದೆ. ಕ್ರೈಸ್ತರು ನಸುಕಿಗೆ ಮುನ್ನ ಸೇರಿ ಒಂದು ಆಣೆಯಿಂದ ಕಟ್ಟಿಕೊಳ್ಳುತ್ತಾರೆ. ಆದರೆ ಅದು ಯಾವ ದುಷ್ಕೃತ್ಯಕ್ಕೂ ಅಲ್ಲ, ಕದಿಯುವುದಿಲ್ಲ, ದೋಚುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಒತ್ತೆಯನ್ನು ಇಲ್ಲವೆನ್ನುವುದಿಲ್ಲ ಎಂಬುದಕ್ಕೆ ಎಂದು ಆತ ವರದಿ ಮಾಡುತ್ತಾನೆ. ಪಿತೂರಿಯನ್ನು ಹುಡುಕಲು ಹೊರಟ ಅಧಿಕಾರಿಗೆ ದೊರೆತದ್ದು ಈ ಪಟ್ಟಿ. ಮುಂದೆ ಕಾರ್ಥೇಜಿನ ತೆರ್ತುಲ್ಲಿಯನ್ ದೀಕ್ಷಾಸ್ನಾನದ ಪ್ರಶ್ನೋತ್ತರವನ್ನು ನೇರವಾಗಿ ಸೈನಿಕನ ಆಣೆಯೊಡನೆ ಸಮೀಕರಿಸಿದನು. ಚರ್ಚಿನ ಪವಿತ್ರ ಕ್ರಿಯೆಗಳಿಗೆಲ್ಲ ಅದೇ ಪದ ನಿಂತಿತು.

ಕನ್ನಡದಲ್ಲಿ ಈ ಕ್ರಿಯೆಗಳಿಗೆ ಸಂಸ್ಕಾರ ಎಂಬ ಪದ ರೂಢಿಯಲ್ಲಿದೆ. ಶುದ್ಧೀಕರಣದ ಅರ್ಥವನ್ನು ಅದು ಸಮರ್ಥವಾಗಿ ಹೊರುತ್ತದೆ. ಆಣೆಯ ಛಾಯೆ ಮಾತ್ರ ಅಲ್ಲಿ ಉಳಿಯುವುದಿಲ್ಲ. ದೀಕ್ಷಾಸ್ನಾನ ಎಂಬುದರ ದೀಕ್ಷೆಯಲ್ಲಿ ಅದರ ಕಿಂಚಿತ್ ಅಂಶವಿದೆ ಎನ್ನಬಹುದು. ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಇಲ್ಲಿ ಜೋಳವಾಳಿ, ವೇಳೆವಾಳಿಗಳ ನೆನಪಾಗುವುದು ಸಹಜ. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ಒಡೆಯನೊಡನೆ ಪ್ರಾಣ ನೀಗಿದ ಸಂಗತಿಯನ್ನು ಹಳೇಬೀಡಿನ ಶಾಸನ ಹೇಳುತ್ತದೆ. ರೋಮನ್ ಆಣೆಯ ತೀವ್ರತೆಯನ್ನು ಕನ್ನಡದಲ್ಲಿ ಗ್ರಹಿಸಲು ಸಂಸ್ಕಾರಕ್ಕಿಂತ ವೇಳೆವಾಳಿಯೇ ಹತ್ತಿರದ ದಾರಿ. ಭೇದವೂ ಅಷ್ಟೇ ಸ್ಪಷ್ಟ: ಗರುಡನು ಒಡೆಯನು ಅಳಿದ ಮೇಲೆ ಬದುಕಲೊಲ್ಲನು, ಕ್ರೈಸ್ತನ ಆಣೆಯಲ್ಲಿ ಒಡೆಯನೇ ಆಳಿಗಾಗಿ ಮೊದಲು ಸತ್ತಿದ್ದಾನೆ, ಆಳು ಬದುಕಿ ಸೇವಿಸಬೇಕು.

ಇಬ್ಬರು ಒಡೆಯರಿಗೆ ಎರಡು ಆಣೆಗಳನ್ನು ಮಾಡಬಹುದೇ ಎಂಬ ಪ್ರಶ್ನೆ ತಪ್ಪದೆ ಎದ್ದಿತು. ತೆರ್ತುಲ್ಲಿಯನನು ಸುಮಾರು 211ರಲ್ಲಿ ಬರೆದ ಸೈನಿಕನ ಕಿರೀಟವನ್ನು ಕುರಿತ ಗ್ರಂಥದಲ್ಲಿ ಆಗದು ಎಂದೇ ಉತ್ತರಿಸುತ್ತಾನೆ. 295ರ ಮಾರ್ಚ್ 12ರಂದು ಇಂದಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ ನಡೆದ ವಿಚಾರಣೆಯೊಂದು ಈ ಪ್ರಶ್ನೆಯನ್ನು ಜೀವನ್ಮರಣದ ಮಟ್ಟಕ್ಕೆ ಒಯ್ದಿತು. ಅದರ ವೃತ್ತಾಂತದ ಪಠ್ಯದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯಾದರೂ ಅದು ಮುಂದಿಡುವ ವಾದ ಬಹು ಸ್ಪಷ್ಟವಾದುದು. ನಿವೃತ್ತ ಸೈನಿಕನ ಮಗನಾದ ಇಪ್ಪತ್ತೊಂದರ ಹರೆಯದ ಮಾಕ್ಸಿಮಿಲಿಯನ್ ದಂಡಿಗೆ ಸೇರಲು ಒಪ್ಪಲಿಲ್ಲ. ಕೊರಳಿಗೆ ಸೀಸದ ಮುದ್ರೆಯನ್ನು ಕಟ್ಟಹೋದಾಗ ತನ್ನ ಮೇಲೆ ಈಗಾಗಲೇ ಕ್ರಿಸ್ತನ ಮುದ್ರೆಯಿದೆಯೆಂದು ನಿರಾಕರಿಸಿದನು. ಚಕ್ರವರ್ತಿಗಳ ಪರಿವಾರದಲ್ಲಿಯೇ ಕ್ರೈಸ್ತ ಸಿಪಾಯಿಗಳಿದ್ದಾರಲ್ಲ ಎಂದು ಅಧಿಕಾರಿ ಕೇಳಿದನು. ತಮಗೆ ತಕ್ಕುದನ್ನು ಅವರು ಬಲ್ಲರು, ತಾನು ಕ್ರೈಸ್ತ, ಕೆಡುಕು ಮಾಡಲಾರೆ ಎಂಬ ಉತ್ತರ ಬಂದಿತು. ಅವನಿಗೆ ಮರಣದಂಡನೆಯಾಯಿತು. ಅಧಿಕಾರಿಯ ಪ್ರಶ್ನೆ ಸುಳ್ಳಾಗಿರಲಿಲ್ಲ. ಆ ಹೊತ್ತಿಗೆ ದಂಡಿನಲ್ಲಿ ಸಾಕಷ್ಟು ಕ್ರೈಸ್ತರಿದ್ದರು. ತನ್ನ ನಿಲುವನ್ನು ಅವರ ಮೇಲೆ ಹೇರದೆಯೇ ಆ ಯುವಕನು ಸತ್ತನೆಂಬುದು ಈ ವೃತ್ತಾಂತದ ಅಪೂರ್ವ ಗುಣ.

ಕಾನ್‌ಸ್ಟಂಟೈನನ ಕಾಲಕ್ಕೆ ಚಿತ್ರ ಬದಲಾಯಿತು. 314ರ ಆರ್ಲ್ ಸಭೆಯು ಶಾಂತಿಯ ಕಾಲದಲ್ಲಿ ಆಯುಧ ಕೆಳಗಿಡುವವರನ್ನೇ ಪ್ರಭುಭೋಜನದಿಂದ ದೂರವಿರಿಸಿತು. ಒಂದು ಶತಮಾನ ಕಳೆದು ಸೈನಿಕನ ಮುದ್ರೆಯನ್ನು ಮತ್ತೆ ಎತ್ತಿಕೊಂಡವನು ಹಿಪ್ಪೋ ನಗರದ ಅಗಸ್ಟೀನ್. 303ರಲ್ಲಿ ತೊಡಗಿದ ಹಿಂಸೆಯ ವೇಳೆ ಧರ್ಮಗ್ರಂಥಗಳನ್ನು ಶತ್ರುಗಳಿಗೆ ಒಪ್ಪಿಸಿದವರ ಪರಂಪರೆಯಲ್ಲಿ ನಡೆದ ದೀಕ್ಷಾಸ್ನಾನ ಸಲ್ಲದೆಂದು ಡೊನಾಟಿಸ್ಟರು ಅದನ್ನು ಪುನಃ ಮಾಡಿಸುತ್ತಿದ್ದರು. ಅಗಸ್ಟೀನನ ಉತ್ತರ ಪಾಳೆಯದಿಂದ ಬಂದಿತು. ಓಡಿಹೋದ ಸಿಪಾಯಿಯ ಮೈಮೇಲಿನ ಮುದ್ರೆ ಅಳಿಯುವುದಿಲ್ಲ. ಹೊರಗಿರುವಷ್ಟು ಕಾಲ ಅದು ಅವನ ದ್ರೋಹಕ್ಕೆ ಸಾಕ್ಷಿ, ಮರಳಿ ಬಂದಾಗ ಅವನಿಗೆ ಎರಡನೆಯ ಮುದ್ರೆ ಒತ್ತುವುದಿಲ್ಲ. ಒತ್ತಿದ ಕೈ ಯಾರದೇ ಆಗಿರಲಿ, ಮುದ್ರೆ ಅರಸನದು. ದೀಕ್ಷಾಸ್ನಾನ ಒಂದೇ ಬಾರಿ ಎಂಬ ತತ್ತ್ವಕ್ಕೆ ಇದಕ್ಕಿಂತ ಗಟ್ಟಿಯಾದ ದೃಷ್ಟಾಂತ ಸಿಗುವುದು ಕಷ್ಟ. ಬಿದ್ದವರಿಗೆ ಮರಳುವ ಬಾಗಿಲನ್ನು ಅದು ತೆರೆದಿಟ್ಟಿತು. ಆದರೆ ಓಡಿಹೋದವನನ್ನು ಹಿಡಿದು ತರುವ ಹಕ್ಕು ದಂಡಿಗಿದೆ. ಸುಮಾರು 417ರಲ್ಲಿ ದಳಪತಿ ಬೋನಿಫಾಸನಿಗೆ ಬರೆದ ದೀರ್ಘಪತ್ರದಲ್ಲಿ ಅಗಸ್ಟೀನನು ಭಿನ್ನಮತೀಯರ ಮೇಲೆ ರಾಜ್ಯದ ಬಲಪ್ರಯೋಗವನ್ನು ಸಮರ್ಥಿಸಿದನು. ಮಾಕ್ಸಿಮಿಲಿಯನನಿಗೆ ಸಾಮ್ರಾಜ್ಯದ ಬಲವನ್ನು ನಿರಾಕರಿಸುವ ಕಾರಣವಾಗಿದ್ದ ಮುದ್ರೆಯ ರೂಪಕವು ಅದೇ ಬಲವನ್ನು ಆಹ್ವಾನಿಸುವವರ ಬಾಯಲ್ಲಿ ಸೇರಿಕೊಂಡದ್ದು ಈ ಇತಿಹಾಸದ ಅತ್ಯಂತ ಕಹಿಯಾದ ತಿರುವು.

ಕತ್ತಿಯಿಲ್ಲದ ಆಣೆಯ ಧಾರೆ ಆದರೂ ಪೂರ್ತಿ ಬತ್ತಲಿಲ್ಲ. ಈಜಿಪ್ಟಿನಲ್ಲಿ ಒತ್ತಾಯದ ಸೈನ್ಯಭರ್ತಿಗೆ ಒಳಗಾಗಿ ಬಿಡುಗಡೆ ಹೊಂದಿದ್ದ ಪಕೋಮಿಯನು ನಾಲ್ಕನೆಯ ಶತಮಾನದಲ್ಲಿ ಸನ್ಯಾಸಿಗಳ ಸಾಮೂಹಿಕ ಬಾಳಿಗೆ ನಿಯಮಬದ್ಧ ರೂಪ ಕೊಟ್ಟನು. ಬಹು ಕಾಲದ ಅನಂತರ ವಿಲಿಯಂ ಬೂತ್ 1865ರಲ್ಲಿ ಲಂಡನ್ನಿನ ಪೂರ್ವಭಾಗದ ಬಡವರ ನಡುವೆ ಆರಂಭಿಸಿದ ಸಂಸ್ಥೆಯು 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಹೆಸರನ್ನೂ ಸೈನಿಕ ಪದವಿಗಳನ್ನೂ ತಳೆಯಿತು. 1882ರ ಸೆಪ್ಟೆಂಬರ್ 19ರಂದು ಮುಂಬಯಿಗೆ ಬಂದಿಳಿದ ಅದರ ಮೊದಲ ತಂಡದ ನಾಯಕ ಫ್ರೆಡರಿಕ್ ಟಕರ್ ಭಾರತದ ಸಿವಿಲ್ ಸೇವೆಯ ಹುದ್ದೆಯನ್ನು ತೊರೆದವನು. ಆತನೂ ಸಂಗಡಿಗರೂ ದೇಶೀಯ ಉಡುಪನ್ನು ತೊಟ್ಟರು; ಆತ ಫಕೀರ್ ಸಿಂಗ್ ಎಂಬ ಹೆಸರನ್ನಿಟ್ಟುಕೊಂಡನು. ಬೀದಿ ಮೆರವಣಿಗೆಗಾಗಿ ಸರ್ಕಾರ ಅವರನ್ನು ಬಂಧಿಸಿತು. ಆ ಸಂಸ್ಥೆಯ ಸದಸ್ಯರನ್ನು ಇಂದಿಗೂ ಸೈನಿಕರೆಂದೇ ಕರೆಯುತ್ತಾರೆ. ಸೇರುವಾಗ ಅವರು ಸಹಿ ಹಾಕುವ ಪತ್ರವನ್ನು ಹಿಂದೆ ಯುದ್ಧದ ವಿಧಿಗಳು ಎನ್ನುತ್ತಿದ್ದರು, ಈಗ ಸೈನಿಕನ ಒಡಂಬಡಿಕೆ ಎನ್ನುತ್ತಾರೆ. ನಂಬುಗೆಯ ಘೋಷಣೆಯೊಡನೆ ಅದರಲ್ಲಿರುವುದು ಮದ್ಯ, ತಂಬಾಕು, ಜೂಜುಗಳನ್ನು ಮುಟ್ಟುವುದಿಲ್ಲವೆಂಬ ಮಾತು; ಪ್ಲಿನಿ ಬರೆದು ಕಳುಹಿಸಿದ ಪಟ್ಟಿಯಂತೆ ಇದೂ ಬಹುಮಟ್ಟಿಗೆ ಮಾಡದಿರುವುದರ ಪಟ್ಟಿಯೇ.