ಅನುವಾದದ ಅಳತೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಗ್ರಂಥಮಾಲೆಯ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಶಾಸನಗಳ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಅದರಲ್ಲಿ ಸೇರಿಸಲಾಗಿದೆ. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಕ್ರಮಸಂಖ್ಯೆಯಿದೆ. ಕವಿ ಜನ್ನನು ರಚಿಸಿದ ಅಮೃತಾಪುರದ ಶಾಸನವನ್ನು ವಿದ್ವಾಂಸರು ಇಂದಿಗೂ 'ತರೀಕೆರೆ 45' ಎಂದೇ ಉಲ್ಲೇಖಿಸುತ್ತಾರೆ. ಅಜ್ಜಂಪುರವು ಈಗ ಪ್ರತ್ಯೇಕ ತಾಲ್ಲೂಕಾಗಿದ್ದರೂ ಆಗ ತರೀಕೆರೆಗೆ ಸೇರಿದ್ದುದರಿಂದ, ಅಲ್ಲಿಯ ಶಾಸನಗಳನ್ನು ತರೀಕೆರೆಯ ಸಂಖ್ಯೆಗಳಲ್ಲಿಯೇ ಹುಡುಕಬೇಕು.

ಇಂಥ ದೊಡ್ಡ ಅನುವಾದಕಾರ್ಯದ ನಡುವೆ "ಕೆಲಸ ಎಷ್ಟಾಯಿತು?" ಎಂದು ಕೇಳಿದರೆ ಏನೆಂದು ಉತ್ತರಿಸಬೇಕು? ಮುಗಿದ ಶಾಸನಗಳನ್ನು ಎಣಿಸುವುದು ಸುಲಭವೇ ಸರಿ. ಆದರೆ ಒಂದು ವೀರಗಲ್ಲಿನಲ್ಲಿ ನಾಲ್ಕೈದು ಸಾಲುಗಳಷ್ಟೇ ಇರಬಹುದು. ಅಮೃತಾಪುರದ ಶಾಸನವಾದರೋ ದೀರ್ಘವಾದ ಕಾವ್ಯರಚನೆ. ಎರಡನ್ನೂ ಒಂದೊಂದೆಂದು ಲೆಕ್ಕ ಹಾಕಿದರೆ ಸಂಖ್ಯೆ ಸರಿಯಾಗಿರುತ್ತದೆ, ಶ್ರಮದ ಅಳತೆ ಮಾತ್ರ ತಪ್ಪುತ್ತದೆ.

ಅನುವಾದಕರಿಗೆ ನೆರವಾಗಲೆಂದು ರೂಪಿಸಿದ ಗಣಕಯಂತ್ರದ ತಂತ್ರಾಂಶಗಳಿಗೂ ಇದೇ ತೊಡಕು ಎದುರಾಗುತ್ತದೆ. ಇವು ಮೂಲಲೇಖನವನ್ನು ಸಾಮಾನ್ಯವಾಗಿ ವಾಕ್ಯವೊಂದಕ್ಕೆ ಒಂದರಂತೆ ಖಂಡಗಳಾಗಿ ವಿಂಗಡಿಸುತ್ತವೆ. ಅನುವಾದಕನು ಖಂಡವೊಂದನ್ನು ಮುಗಿಸಿದೊಡನೆ ಮೂಲ ಮತ್ತು ಅನುವಾದಗಳೆರಡೂ ಒಂದು ಸ್ಮೃತಿಕೋಶದಲ್ಲಿ ಸಂಗ್ರಹವಾಗುತ್ತವೆ. ಮುಂದೆ ಅದೇ ವಾಕ್ಯವೋ ಅದನ್ನು ಹೋಲುವ ವಾಕ್ಯವೋ ಬಂದಾಗ ಯಂತ್ರವು ಹಳೆಯ ಅನುವಾದವನ್ನು ಎದುರಿಗೆ ತಂದಿಡುತ್ತದೆ. ಎಷ್ಟು ಖಂಡಗಳು ತುಂಬಿದವು ಎಂಬುದು ಅಂಕಿಯಾಗಿ ತೋರುತ್ತಿರುತ್ತದೆ.

ಕಡೂರಿನ ತೆಂಗು ಬೆಳೆಗಾರರಿಗೂ ತರೀಕೆರೆಯ ಅಡಕೆ ಬೆಳೆಗಾರರಿಗೂ ಸಹಾಯಧನದ ಇಂಗ್ಲಿಷ್ ಪ್ರಕಟಣೆಯೊಂದನ್ನು ಕನ್ನಡಿಸಬೇಕಾಗಿದೆ ಎಂದು ಭಾವಿಸಬಹುದು. ಅದರಲ್ಲಿ 10 ವಾಕ್ಯಗಳಿದ್ದು, 8 ವಾಕ್ಯಗಳಲ್ಲಿ ತಲಾ 5 ಪದಗಳೂ ಉಳಿದ ಎರಡರಲ್ಲಿ ತಲಾ 30 ಪದಗಳೂ ಇರಲಿ. ಚಿಕ್ಕ ವಾಕ್ಯಗಳೆಂಟೂ ಮುಗಿದಾಗ ಖಂಡಗಳ ಲೆಕ್ಕದಲ್ಲಿ ಶೇಕಡ 80ರಷ್ಟು ಕೆಲಸವಾಯಿತು. ಪದಗಳ ಲೆಕ್ಕದಲ್ಲಿ ಆದದ್ದು ಶೇಕಡ 40 ಮಾತ್ರ. ಅರ್ಜಿಯ ಕೊನೆಯ ದಿನಾಂಕವೂ ಬೇಕಾದ ದಾಖಲೆಗಳೂ ಆ ಉಳಿದೆರಡು ವಾಕ್ಯಗಳಲ್ಲಿದ್ದರೆ, ಶೇಕಡ 80 ಎಂಬ ಅಂಕಿಯಿಂದ ಬೆಳೆಗಾರನಿಗೆ ಏನೂ ಪ್ರಯೋಜನವಿಲ್ಲ.

ಪದಗಳ ಎಣಿಕೆಯೂ ಎಲ್ಲ ಭಾಷೆಗಳಿಗೂ ಸಮನಾಗಿ ಒಪ್ಪುವುದಿಲ್ಲ. ಮೂಲವು ಕನ್ನಡವಾಗಿದ್ದರೆ 'ಬರಬೇಕಾಗಿತ್ತೆಂದು' ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ನಾಲ್ಕೈದು ಪದಗಳು ಬೇಕು. ಅಕ್ಷರಗಳನ್ನೇ ಎಣಿಸೋಣವೆಂದರೆ ಅಲ್ಲಿಯೂ ಒಂದು ಸ್ವಾರಸ್ಯವಿದೆ. 'ಸ್ತ್ರೀ' ಎಂಬುದು ಓದುವವರಿಗೆ ಒಂದೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಯಂತ್ರಕ್ಕೆ ಅದು ಮೂರು ವ್ಯಂಜನ, ಎರಡು ವಿರಾಮಚಿಹ್ನೆ ಹಾಗೂ ಒಂದು ಸ್ವರಚಿಹ್ನೆ ಸೇರಿ ಆರು ಸಂಕೇತಗಳು! ಆದುದರಿಂದ ಯಾವುದನ್ನು ಎಣಿಸಲಾಗಿದೆ ಎಂಬುದನ್ನು ಅಂಕಿಯ ಪಕ್ಕದಲ್ಲಿಯೇ ಸೂಚಿಸುವುದು ಒಳ್ಳೆಯದು.

ಪುನರಾವರ್ತನೆಯದು ಮತ್ತೊಂದು ಸಮಸ್ಯೆ. ದಾನಶಾಸನಗಳ ಕೊನೆಯಲ್ಲಿ ದಾನವನ್ನು ಕೆಡಿಸುವವರಿಗೆ ಶಾಪ ಹಾಕುವ ಶ್ಲೋಕಗಳು ಮತ್ತೆ ಮತ್ತೆ ಬರುತ್ತವೆ. ರೈಸ್ ಅವರು ಅನೇಕ ಕಡೆ ಅವುಗಳನ್ನು ಅನುವಾದಿಸದೆ, ವಾಡಿಕೆಯ ಕೊನೆಯ ಶ್ಲೋಕಗಳು ಎಂಬರ್ಥದ ಸೂಚನೆಯನ್ನಷ್ಟೇ ಕೊಟ್ಟಿದ್ದಾರೆ. ಇಂದಿನ ತಂತ್ರಾಂಶ ಮಾಡುವುದೂ ಹೆಚ್ಚುಕಡಮೆ ಇದನ್ನೇ. 'ಅರ್ಜಿದಾರರ ಸಹಿ' ಎಂಬುದಕ್ಕೆ ಸಮನಾದ ಮಾತು ಮೂವತ್ತು ಕಡೆ ಇದ್ದರೆ, ಒಮ್ಮೆ ಅನುವಾದಿಸಿದಾಗ ಮೂವತ್ತೂ ತುಂಬುತ್ತವೆ. ಅಂಕಿಯು ಒಮ್ಮೆಲೇ ಮೇಲಕ್ಕೆ ನೆಗೆಯುತ್ತದೆ. ಇದನ್ನರಿತೇ, ಉಚಿತವಾಗಿ ದೊರೆಯುವ 'ಒಮೆಗಾಟಿ' ಎಂಬ ತಂತ್ರಾಂಶವು ಒಟ್ಟು ಖಂಡಗಳನ್ನೂ, ಪುನರಾವರ್ತನೆಯನ್ನು ಕಳೆದು ಉಳಿಯುವ ಖಂಡಗಳನ್ನೂ ಬೇರೆಬೇರೆಯಾಗಿ ಲೆಕ್ಕಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು, ತುಂಬಿದ ಖಂಡವೆಲ್ಲ ಮುಗಿದ ಖಂಡವಲ್ಲ ಎಂಬುದು. ಕಳೆದ ವರ್ಷದ ಪ್ರಕಟಣೆಯಲ್ಲಿ 'ಜೂನ್ 30ರೊಳಗೆ' ಎಂದಿದ್ದು ಈ ವರ್ಷ 'ಜುಲೈ 30ರೊಳಗೆ' ಎಂದಾಗಿದ್ದರೆ, ಸ್ಮೃತಿಕೋಶವು ಹಳೆಯ ವಾಕ್ಯವನ್ನೇ ತಂದು ಕೂರಿಸೀತು. ಒಂದು ಪದವನ್ನುಳಿದು ಎಲ್ಲವೂ ಸರಿ. ಬೆಳೆಗಾರನಿಗೆ ಬೇಕಾದದ್ದು ಆ ಒಂದು ಪದವೇ! ತಂತ್ರಾಂಶಗಳ ಭಾಷಾಂತರದಲ್ಲಿ ಬಳಕೆಯಾಗುವ 'ಗೆಟ್‌ಟೆಕ್ಸ್ಟ್' ವ್ಯವಸ್ಥೆಯು ಇದಕ್ಕೊಂದು ಉಪಾಯ ಮಾಡಿದೆ. ಅನುವಾದವಾದವು, ಸಂದೇಹಾಸ್ಪದವಾದವು, ಅನುವಾದವಾಗದವು ಎಂದು ಅದು ಮೂರು ಎಣಿಕೆಗಳನ್ನು ಕೊಡುತ್ತದೆ. ಸಂದೇಹದ ಗುರುತುಳ್ಳ ಅನುವಾದವನ್ನು ಮನುಷ್ಯರು ಪರಿಶೀಲಿಸಿ ಗುರುತನ್ನು ತೆಗೆಯುವವರೆಗೆ, ಸಾಮಾನ್ಯವಾಗಿ ಅದು ಬಳಕೆಗೆ ಬರುವುದೇ ಇಲ್ಲ.

ಯಂತ್ರವೇ ಅನುವಾದಿಸತೊಡಗಿದ ಮೇಲೆ ಖಂಡಗಳು ಕ್ಷಣಮಾತ್ರದಲ್ಲಿ ತುಂಬಿಬಿಡುತ್ತವೆ. ಇಲ್ಲಿ ಅಳೆಯಬೇಕಾದದ್ದು ತುಂಬಿದ ಸ್ಥಳವನ್ನಲ್ಲ, ತಿದ್ದಿದ ಪ್ರಮಾಣವನ್ನು. ವಿಕಿಪೀಡಿಯದ ಲೇಖನಗಳ ಅನುವಾದಕ್ಕಾಗಿ 2015ರಲ್ಲಿ ಬಳಕೆಗೆ ಬಂದ ಉಪಕರಣದಲ್ಲಿ ಈಗ ಇಂಥ ಏರ್ಪಾಡಿದೆ. ಕನ್ನಡದವರೂ ಬಳಸುವ ಈ ಉಪಕರಣವು, ಯಂತ್ರ ಕೊಟ್ಟ ಪಾಠದಲ್ಲಿ ಎಷ್ಟು ಭಾಗ ತಿದ್ದದೆ ಉಳಿದಿದೆ ಎಂಬುದನ್ನು ಲೆಕ್ಕಹಾಕಿ, ಅದು ಮಿತಿಮೀರಿದ ಕಡೆ ಅನುವಾದಕನನ್ನು ಎಚ್ಚರಿಸುತ್ತದೆ; ಹಾಗೆ ಉಳಿದ ಭಾಗವು ತೀರ ಹೆಚ್ಚಾಗಿದ್ದರೆ ಲೇಖನದ ಪ್ರಕಟಣೆಯನ್ನೇ ತಡೆಯುತ್ತದೆ.