‘ಕಾರ್ಡ್’ ಎಂಬ ಮಾತಿನ ಪೂರ್ವೋತ್ತರ

ಬೆಂಗಳೂರಿನ ರಾಜಾಜಿನಗರದಲ್ಲಿ ಇಸ್ಕಾನ್ ದೇವಾಲಯದ ಮುಂದೆ ಹಾಯ್ದು ವಿಜಯನಗರದ ಕಡೆಗೆ ಸಾಗುವ ದೊಡ್ಡ ರಸ್ತೆಗೆ ಕಾರ್ಡ್ ರಸ್ತೆ ಎಂದು ಹೆಸರು. ಕನ್ನಡದಲ್ಲಿ ಇದನ್ನೂ ಅಂಚೆ ಕಾರ್ಡನ್ನೂ ಒಂದೇ ರೀತಿ ಬರೆಯುವುದರಿಂದ, ಪಡಿತರ ಕಾರ್ಡಿಗೂ ಈ ರಸ್ತೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಸಂಬಂಧವೇನೂ ಇಲ್ಲ. ಇದು ರೇಖಾಗಣಿತದ ಕಾರ್ಡು. ನಾವು ಶಾಲೆಯಲ್ಲಿ ‘ಜ್ಯಾ’ ಎಂದು ಕಲಿಯುವ, ವೃತ್ತಪರಿಧಿಯ ಎರಡು ಬಿಂದುಗಳನ್ನು ಕೂಡಿಸುವ ಸರಳರೇಖೆ.

ಇಂಗ್ಲಿಷಿನ ಈ ನಾಮಪದದ ಮೂಲ ಗ್ರೀಕರ ‘ಖೊರ್ಡೆ’. ಅದರ ಅರ್ಥ ಕರುಳು. ಪ್ರಾಣಿಗಳ ಕರುಳನ್ನು ಒಣಗಿಸಿ, ಹುರಿಮಾಡಿ, ವಾದ್ಯಗಳಿಗೆ ಬಿಗಿಯುತ್ತಿದ್ದುದರಿಂದ ಅದೇ ಮಾತು ತಂತಿಗೂ ಸಂದಿತು. ಲ್ಯಾಟಿನ್, ಫ್ರೆಂಚ್ ಭಾಷೆಗಳ ಮಾರ್ಗವಾಗಿ ಇಂಗ್ಲಿಷಿಗೆ ಬಂದಾಗ ಅದು ಹಗ್ಗವೆಂಬ ಅರ್ಥವನ್ನು ತಾಳಿತ್ತು. 16ನೆಯ ಶತಮಾನದಲ್ಲಿ ವಿದ್ವಾಂಸರು ಲ್ಯಾಟಿನ್ ಕಾಗುಣಿತವನ್ನನುಸರಿಸಿ ಒಂದು ‘ಎಚ್’ ಅಕ್ಷರವನ್ನು ಒಳಸೇರಿಸಿ, ಗಣಿತದ ಮಾತನ್ನು ಹಗ್ಗದಿಂದ ಬೇರ್ಪಡಿಸಿದರು. ಬೆನ್ನುಹುರಿಯ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಆ ‘ಎಚ್’ ಇಲ್ಲ.

ಗಿಟಾರ್ ನುಡಿಸುವವರಿಗೆ ಇನ್ನೊಂದು ಕಾರ್ಡ್ ಗೊತ್ತು: ಕೆಲವು ಸ್ವರಗಳನ್ನು ಏಕಕಾಲಕ್ಕೆ ಮೀಟಿದಾಗ ಹುಟ್ಟುವ ಸ್ವರಸಮೂಹ. ತಂತಿಯಿಂದ ಬಂದ ಹೆಸರೆಂದು ಊಹಿಸುವುದು ಸಹಜವೇ ಆದರೂ ನಿಜವಲ್ಲ. ಹೊಂದಾಣಿಕೆಯೆಂಬ ಅರ್ಥದ ‘ಅಕಾರ್ಡ್’ ಮೊಟಕಾಗಿ ಇದಾಯಿತು. ಅದರೊಳಗಿರುವುದು ಹೃದಯವನ್ನು ಸೂಚಿಸುವ ಲ್ಯಾಟಿನ್ ‘ಕೊರ್’. ಹೀಗೆ ಕರುಳೂ ಹೃದಯವೂ ಒಂದೇ ಕಾಗುಣಿತದಲ್ಲಿ ಅಡಗಿ ಕುಳಿತಿವೆ!

ನಮ್ಮ ಪ್ರಾಚೀನರು ವೃತ್ತದ ಈ ರೇಖೆಗೆ ಇಟ್ಟ ಹೆಸರೂ ಬಿಗಿದ ತಂತಿಯದೇ. ಜ್ಯಾ ಎಂದರೆ ಬಿಲ್ಲಿನ ಹೆದೆ. ಪರಿಧಿಯ ತುಂಡಾದ ಕಂಸಕ್ಕೆ ಚಾಪ, ಅಂದರೆ ಬಿಲ್ಲು ಎಂದು ಹೆಸರು. ಕ್ರಿ.ಶ. 499ರಲ್ಲಿ 23 ವರ್ಷದವನಾಗಿದ್ದ ಆರ್ಯಭಟನು ಲೆಕ್ಕದ ಅನುಕೂಲಕ್ಕಾಗಿ ಹೆದೆಯ ಅರ್ಧವನ್ನು ಹಿಡಿದು 24 ಜ್ಯಾಂತರಗಳನ್ನು ಕೊಟ್ಟನು. ಈ ಅರ್ಧಜ್ಯಾವೇ ಅರಬ್ಬರ ಕೈಸೇರಿ, ಅವರ ಲಿಪಿಯಲ್ಲಿ ಮಡಿಲೆಂಬ ಅರ್ಥದ ಮಾತಾಗಿ ಓದಿಸಿಕೊಂಡು, ಲ್ಯಾಟಿನ್ನಿನಲ್ಲಿ ‘ಸೈನಸ್’ ಆಗಿ, ಕೊನೆಗೆ ನಮ್ಮ ಕಾಲೇಜುಗಳಿಗೆ ‘ಸೈನ್’ ಆಗಿ ಮರಳಿತು. ಮೂರು ರಾಶಿಗಳ, ಎಂದರೆ 90 ಡಿಗ್ರಿಗಳ ಜ್ಯಾ ವೃತ್ತದ ಅರ್ಧವ್ಯಾಸಕ್ಕೆ ಸಮ. ‘ತ್ರಿಜ್ಯ’ವೆಂಬ ಹೆಸರಿನ ಗುಟ್ಟು ಇಷ್ಟೇ.

ಇನ್ನು ರಸ್ತೆಯ ವಿಚಾರ. ಎರಡು ಊರುಗಳ ನಡುವೆ ಸುತ್ತುದಾರಿಯನ್ನು ತಪ್ಪಿಸುವ ಅಡ್ಡಮಾರ್ಗವನ್ನು ರೈಲ್ವೆ ಎಂಜಿನಿಯರುಗಳು ಕಾರ್ಡ್ ಎನ್ನುತ್ತಾರೆ. ಗಯಾ ಮೂಲಕ ಹೋಗುವ ‘ಗ್ರ್ಯಾಂಡ್ ಕಾರ್ಡ್’ 1906ರಲ್ಲಿ ತೆರೆಯಿತು. ನಮ್ಮ ಕಾರ್ಡ್ ರಸ್ತೆಯೂ ಅದೇ ಜಾತಿಯದು. ಬೆಂಗಳೂರಿನ ಹೆದ್ದಾರಿಗಳು ಚಕ್ರದ ಅರಗಳಂತೆ ಹೊರಡುತ್ತವೆ. ಇದು ಮಾಗಡಿ ರಸ್ತೆಯನ್ನು ಅಡ್ಡಹಾಯ್ದು ತುಮಕೂರು ರಸ್ತೆಯನ್ನು ಮೈಸೂರು ರಸ್ತೆಗೆ ಕೂಡಿಸುತ್ತದೆ. ಎರಡು ಅರಗಳ ನಡುವಿನ ಕೋನ 60 ಡಿಗ್ರಿ, ಕೇಂದ್ರದಿಂದ ದೂರ 6 ಕಿ.ಮೀ. ಎಂದು ಭಾವಿಸೋಣ. ಕೇಂದ್ರವನ್ನು ಹೊಕ್ಕು ಹೊರಟರೆ 12 ಕಿ.ಮೀ., ಜ್ಯಾದ ಮೇಲೆ ನಡೆದರೆ ಆರೇ. ಕೋನ 90 ಆದರೆ ಸುಮಾರು 8.5, 180 ಆದಾಗ ಜ್ಯಾ ವ್ಯಾಸವೇ ಆಗಿ ಲಾಭ ಶೂನ್ಯ.

ವಿನೋದವೆಂದರೆ, ಇಲ್ಲಿ ಹೆದೆ ಮೊದಲು ಬಂದು ಬಿಲ್ಲು ಆಮೇಲೆ ಬಂದಿತು. ಗೊರಗುಂಟೆಪಾಳ್ಯದಿಂದ ಸುಮನಹಳ್ಳಿಯ ಮೇಲೆ ನಾಯಂಡಹಳ್ಳಿಗೆ ಬಾಗುವ ಹೊರವರ್ತುಲ ರಸ್ತೆ ಬಹುಕಾಲದ ಅನಂತರದ್ದು. ಇವೆರಡರ ನಡುವಿನ ವೃತ್ತಖಂಡದಲ್ಲಿದೆ ಬಸವೇಶ್ವರನಗರ. ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದರೆ ಕಾರ್ಡ್ ರಸ್ತೆಗೆ ಪಶ್ಚಿಮದ ಬಡಾವಣೆ ಎಂದಷ್ಟೇ ಅರ್ಥ. ಆದರೆ ಜನರ ಬಾಯಲ್ಲಿ ಅದು ರಸ್ತೆಯದೇ ಹೆಸರಾಗಿ, ಪೂರ್ವದ ಅಂಚಿನಲ್ಲಿರುವವರ ವಿಳಾಸದಲ್ಲಿಯೂ ‘ವೆಸ್ಟ್’ ಕಾಣಿಸಿಕೊಳ್ಳುವುದುಂಟು.